ಹಳದಿ ವಿಮಾನದ ಸಾಹೇಬ್ರು, ಮೊಮ್ಮಗಳ ಸಾಂಬ್ರಾಣಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದರಲ್ಲಿ ಸಂತೋಷದ ಮಾತು ಕಡಿಮೆ. ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಕಳೆದು, ಹಾಸನದ ಡಾಕ್ಟ್ರು, ಮಂಗಳೂರಿನ ಡಾಕ್ಟ್ರು ಎಲ್ಲರ ಹತ್ರವೂ ಹೋಗಿ ಬಂದು, ಮನೇಲಿ ಯಾರೂ ಆ ಮಾತೇ ಎತ್ತಬಾರದು ಅನ್ನೋದನ್ನ ನಾವೆಲ್ಲ ಕಲಿತುಕೊಂಡ ಮೇಲೆ, ದೀಪಾವಳಿ ಕಳೆದು ಕಾಫಿ ಹಣ್ಣು ಕುಯ್ಯೋಕೆ ಶುರುವಾದ ವಾರ ಹುಟ್ಟಿದಳು. ಸಕಲೇಶಪುರದ ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಪಕ್ಕದ ಸೀಟಲ್ಲಿ ಕೂತಿದ್ದ, ಮೆಣಸಿನ ವ್ಯಾಪಾರ ಮಾಡೋ ವಯಸ್ಸಾದ ಭಾಯಿ ಒಬ್ಬರಿಗೂ ಹೇಳಿದೆ. ಅವರು ಎರಡೂ ಕೈ ಎತ್ತಿ ಒಳ್ಳೇದಾಗಲಿ ಅಂದರು. ಮೂಗು ಹೀಗಿದೆ, ಬೆರಳು ಹೀಗಿದೆ ಅಂತ ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿಕೊಂಡು ಕೇಳಿದರು. ಆಮೇಲೆ ಗೊತ್ತಾಯ್ತು, ಪಾಪ, ಅವರು ಇಳಿಯೋ ಸ್ಟಾಪು ಯಾವಾಗಲೋ ಹಿಂದೆ ಹೋಗಿತ್ತು.

ನಾನು ಓದಿದ್ದು ಬೆಳಗೋಡಿನ ಸ್ಕೂಲಲ್ಲಿ ಮೂರನೇ ಕ್ಲಾಸು. ದೊಡ್ಡ ಪದ ಬರಲ್ಲ. ಆದರೆ ಈ ಖುಷಿಯನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳೋಕೆ ಆಗ್ತಿಲ್ಲ. ಅದರ ಪಕ್ಕದಲ್ಲೇ ನಮ್ಮ ಸಾಹೇಬ್ರ ಸಂಗತಿ ಒಂದು ಕೂತಿದೆ, ಅದನ್ನೂ ಇಟ್ಟುಕೊಳ್ಳೋಕೆ ಆಗ್ತಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ಹೇಳೋದು ನನಗೆ ಗೊತ್ತಿಲ್ಲ.

ನಮ್ಮ ಎಸ್ಟೇಟು ಆಲೂರು ಕಡೆಯ ಗುಡ್ಡದ ಮೇಲೆ ಇದೆ. ದೊಡ್ಡದೇನಲ್ಲ. ಮೇಲೆ ಬಂಗಲೆ, ಕೆಳಗೆ ಕಣ, ಸ್ಟೋರು, ಅದರ ಕೆಳಗೆ ನಮ್ಮ ಲೈನು, ಅಂದ್ರೆ ಆಳುಗಳ ಮನೆಗಳ ಸಾಲು. ನಾನು ಮದುವೆಯಾಗಿ ಬಂದಾಗಿನಿಂದ ಲೈನಲ್ಲೇ ಇದ್ದೀನಿ. ಗಂಡ ಹೋದ ಮೇಲೆ ಬಂಗಲೆ ಅಡಿಗೆಮನೆ ಕೆಲಸಕ್ಕೆ ಸೇರಿಕೊಂಡೆ. ಬಂಗಲೆಯಲ್ಲಿ ಇರೋದು ಇಬ್ಬರೇ, ಸಾಹೇಬ್ರು ಮತ್ತು ಅವರ ತಂಗಿ. ತಂಗಿಯನ್ನ ನಾವು ಅಮ್ಮಾವ್ರು ಅಂತೀವಿ. ಸಾಹೇಬ್ರು ಮದುವೆಯಾಗಲಿಲ್ಲ. ವಯಸ್ಸಲ್ಲಿ ವಿಮಾನದ ಮಿಲಿಟರಿಯಲ್ಲಿದ್ದರು, ಅಲ್ಲಿ ಹುಡುಗರಿಗೆ ವಿಮಾನ ಹಾರಿಸೋದು ಕಲಿಸೋ ಮೇಷ್ಟ್ರು.

ನಮ್ಮ ಎಸ್ಟೇಟಿಗೆ ಒಂದು ಕಟ್ಟು ಇದೆ. ಇಲ್ಲಿ ಹೊಗೆ ಏಳಬಾರದು. ಬೇರೆ ತೋಟಗಳಲ್ಲಿ ಗಿಡ ಕಸಿ ಮಾಡುವಾಗ ಸವರಿದ ರೆಂಬೆ, ಉದುರಿದ ಒಣ ದರಗು ಎಲ್ಲ ಒಟ್ಟು ಮಾಡಿ ಸುಡ್ತಾರೆ. ನಮ್ಮಲ್ಲಿ ಗುಂಡಿ ತೆಗೆದು ಹೂಳ್ತಾರೆ. ಸೌದೆ ಒಲೆ ಇದ್ದ ಕಾಲದಲ್ಲಿ ಬಿಸಿಲು ಚೆನ್ನಾಗಿ ಏರಿದ ಮೇಲೇ ಒಲೆ ಹಚ್ಚಬೇಕು ಅಂತ ಇತ್ತು. ಗ್ಯಾಸು ಬಂದ ಕೂಡಲೇ, ಸುತ್ತಮುತ್ತಲಿನ ಯಾವ ಎಸ್ಟೇಟಿನ ಲೈನಿಗೂ ಬರೋ ಮೊದಲೇ ನಮ್ಮ ಲೈನಿನ ಪ್ರತಿ ಮನೆಗೂ ಸಾಹೇಬ್ರು ಹಾಕಿಸಿಕೊಟ್ಟರು. ಊರಿನವರು ನಮ್ಮನ್ನ ನೋಡಿ ಹೊಟ್ಟೆ ಉರಿದುಕೊಂಡರು. ಆನೆ ಬರೋಕೆ ಶುರುವಾದ ಮೇಲೆ ಮಾತ್ರ ನಮ್ಮವರೇ ಗೊಣಗಿದರು. ಸುತ್ತಲಿನವರೆಲ್ಲ ಸೆಗಣಿ ಬೆರಣಿಗೆ ಒಣಮೆಣಸು ಹಾಕಿ ಗಾಟು ಹೊಗೆ ಎಬ್ಬಿಸ್ತಾರೆ, ಆನೆ ಆ ಕಡೆ ಹೋಗದೆ ನಮ್ಮ ತೋಟದೊಳಗೇ ದಾರಿ ಮಾಡಿಕೊಳ್ತವೆ. ಒಂದೆರಡು ಮನೆಯವರು ಇದೇ ಕಾರಣಕ್ಕೆ ಲೈನು ಬಿಟ್ಟು ಯಸಳೂರು ಕಡೆ ಹೋದರು. ಸಾಹೇಬ್ರು ತಂತಿ ಬೇಲಿ ಹಾಕಿಸಿದರು, ದೀಪ ಹಾಕಿಸಿದರು, ಹೊಗೆಗೆ ಮಾತ್ರ ಒಪ್ಪಲಿಲ್ಲ.

ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ಹಲಸಿನ ಮರದಿಂದ.

ಮಗಳು ಇನ್ನೂ ಸ್ಕೂಲಿಗೆ ಹೋಗ್ತಿದ್ದಳು. ಆ ವರ್ಷ ತೋಟದಲ್ಲಿ ನೆರಳು ಜಾಸ್ತಿಯಾಯ್ತು ಅಂತ ಕೆಲವು ಸಿಲ್ವರ್ ಮರ ತೆಗೆಸಬೇಕಿತ್ತು. ಅದಕ್ಕೆ ಒಂದು ಕ್ರಮ ಇದೆ. ಮೊದಲು ತೋಟದ ಮೇಲ್ವಿಚಾರಣೆ ನೋಡೋ ರೈಟರು ಸುಣ್ಣದ ಡಬ್ಬ ಹಿಡಿದು ತೋಟವೆಲ್ಲ ನಡೆದು, ತೆಗೀಬೇಕಾದ ಮರಕ್ಕೆ ಬಿಳಿ ಗುರುತು ಹಾಕ್ತಾರೆ. ಹಿಂದಿನಿಂದ ಮರ ಕಡಿಯೋರು ಬರ್ತಾರೆ. ಅವರು ಹೊರಗಿನವರು, ಯಾವ ಮರ ಯಾಕೆ ಅಂತ ಕೇಳಲ್ಲ, ಬಿಳಿ ಕಂಡರೆ ಮೆಷಿನ್ ಇಡ್ತಾರೆ. ಲೈನಿನ ಪಕ್ಕದಲ್ಲಿ ನಮ್ಮೆಲ್ಲರ ಹಲಸಿನ ಮರ ಇತ್ತು. ನಮ್ಮ ಸೀಮೆಯ ಹಳೇ ಮರಗಳ ಮೈಮೇಲೆ ಬಿಳಿ ಪಾಚಿ ಚಕ್ಕೆ ಚಕ್ಕೆಯಾಗಿ ಕಟ್ಟಿಕೊಳ್ಳುತ್ತೆ, ದೂರದಿಂದ ಸುಣ್ಣ ಹಚ್ಚಿದ ಹಾಗೇ ಕಾಣುತ್ತೆ. ನಾವು ಕೆಲಸ ಮುಗಿಸಿ ಬರೋಷ್ಟರಲ್ಲಿ ಹಲಸು ನೆಲದಲ್ಲಿ ಮಲಗಿತ್ತು.

ರೈಟರು ಆ ಮರ ಕಡಿಯೋನ ಮೇಲೆ ಹರಿಹಾಯ್ದರು, ಕಣ್ಣು ಎಲ್ಲಿಟ್ಟಿದ್ದೆ, ಹಲಸು ಯಾವುದು ಸಿಲ್ವರು ಯಾವುದು ಗೊತ್ತಾಗಲ್ವಾ ಅಂತ. ಅವನು ತಲೆ ತಗ್ಗಿಸಿಕೊಂಡು, ಬಿಳಿ ಇತ್ತು ಸಾರ್, ಬಿಳಿ ಇತ್ತು ಸಾರ್ ಅಂತ ಅದೊಂದನ್ನೇ ಹೇಳ್ತಿದ್ದ. ಸಾಹೇಬ್ರು ಬಂದರು. ನಾವೆಲ್ಲ ಈಗ ಅವನ ಕಥೆ ಮುಗೀತು ಅಂತ ನಿಂತಿದ್ದೀವಿ. ಸಾಹೇಬ್ರು ಬಿದ್ದ ಮರದ ಮೇಲೆ ಕೂತುಕೊಂಡರು. ರೈಟರಿಗೆ ಸುಮ್ಮನಿರೋಕೆ ಹೇಳಿ, ಆ ಕಡಿಯೋನನ್ನ ಪಕ್ಕಕ್ಕೆ ಕೂರಿಸಿಕೊಂಡು, ನನಗೆ ಕಾಫಿ ತರೋಕೆ ಹೇಳಿದರು. ಕಾಫಿ ತಂದವಳು ನಾನೂ ಅಲ್ಲೇ ನಿಂತೆ. ಅವತ್ತು ಅವರು ಹೇಳಿದ್ದನ್ನ ಕೇಳಿದವರು ನಾವು ಮೂರೇ ಜನ.

ಅವರು ಕಲಿಸ್ತಿದ್ದ ವಿಮಾನದ ಫೋಟೋ ಬಂಗಲೆ ಹಜಾರದಲ್ಲಿ ತೂಗುಹಾಕಿದೆ. ದಿನಾ ಧೂಳು ಒರೆಸೋಳು ನಾನೇ. ಮುಂದೆ ದೊಡ್ಡ ಫ್ಯಾನು, ಒಂದರ ಹಿಂದೆ ಒಂದು ಎರಡು ಸೀಟು. ಮುಂದೆ ಕಲಿಯೋ ಹುಡುಗ, ಹಿಂದೆ ಮೇಷ್ಟ್ರು. ಹುಡುಗ ತಪ್ಪಿದರೆ ಮೇಷ್ಟ್ರು ಹಿಂದಿನಿಂದಲೇ ಸರಿಮಾಡೋಕೆ ಅವರಿಗೂ ಒಂದು ಹಿಡಿ. ಕಲಿಯೋರ ವಿಮಾನ ಅಂತ ದೂರದಿಂದಲೇ ಎಲ್ಲರಿಗೂ ಗೊತ್ತಾಗಲಿ, ಯಾರೂ ಬಂದು ಡಿಕ್ಕಿ ಹೊಡೀದಿರಲಿ ಅಂತ ಅದಕ್ಕೆ ಹಳದಿ ಬಣ್ಣ. ಫೋಟೋ ಕಪ್ಪು ಬಿಳುಪಿನದು, ಹಳದಿ ಅಂತ ಸಾಹೇಬ್ರು ಹೇಳಿ ಗೊತ್ತು. ಅದರ ಮೈ ತಗಡು, ಬಾಲದ ಕಡೆ ಬರೀ ಬಟ್ಟೆಯಂತೆ. ಯುದ್ಧ ಅಂತ ಆದಾಗ ಅದನ್ನೇ ಕರೆದರು.

ನಾನು ಕೇಳಿದೆ, ಅಷ್ಟು ದೊಡ್ಡ ಯುದ್ಧಕ್ಕೆ ಆ ಬಟ್ಟೆ ವಿಮಾನ ಯಾಕೆ ಸಾಹೇಬ್ರೆ ಅಂತ. ಅದಕ್ಕೆ ಅವರು ಬಸ್ಸಿನ ಲೆಕ್ಕ ಹೇಳಿದರು. ಬಸ್ಸಲ್ಲಿ ಕೂತು ಹೋಗ್ತಾ ಗಿಡದಲ್ಲಿ ಯಾವ ಹಣ್ಣು ಮಾಗಿದೆ ಅಂತ ನೋಡೋಕಾಗುತ್ತಾ? ಅದಕ್ಕೆ ನಡೀಬೇಕು, ಎಲೆ ಎತ್ತಿ ನೋಡಬೇಕು. ಬಾಂಬು ಹಾಕೋ ವಿಮಾನ ಬಸ್ಸಿದ್ದ ಹಾಗೆ, ಕಣ್ಣು ಮಿಟುಕಿಸೋದರಲ್ಲಿ ಊರು ದಾಟುತ್ತೆ. ಕೆಳಗೆ ನಮ್ಮವರು ಯಾರು, ಅವರು ಯಾರು, ಮರಗಳ ತೋಪಿನೊಳಗೆ ಏನು ಅಡಗಿದೆ, ಅದಕ್ಕೇನೂ ಕಾಣಲ್ಲ. ಅದಕ್ಕೆ ಮೊದಲು ಒಬ್ಬ ನಿಧಾನವಾಗಿ, ಕೆಳಗೆ ಕೆಳಗೆ ಹಾರಿಕೊಂಡು ಹೋಗಿ ನೋಡಬೇಕು. ಹಳದಿ ಮೇಲೆ ಬ್ರಷ್ಷಲ್ಲಿ ಮಣ್ಣು ಹಸಿರು ಬಳಿದರು. ಸಾಹೇಬ್ರು ಮುಂದಿನ ಸೀಟಿಗೆ ಬಂದರು, ಹಿಂದೆ ಮೇಷ್ಟ್ರ ಸೀಟಲ್ಲಿ ನಕ್ಷೆ ಹಿಡಿದ ಇನ್ನೊಬ್ಬ ಆಫೀಸರು, ಅವನ ಪಕ್ಕ ಒಂದು ರೇಡಿಯೋ. ರೆಕ್ಕೆ ಕೆಳಗೆ ಕೊಳವೆ ಕಟ್ಟಿದರು, ಅದರಲ್ಲಿ ಹೊಗೆ ಬಾಣ. ಬಾಂಬಿಲ್ಲ ಏನಿಲ್ಲ, ಬರೀ ಹೊಗೆ. ಜಾಗ ಕಂಡಾಗ ಆ ಹೊಗೆ ಬಿಡೋದು, ಮೇಲೆ ಸುತ್ತುತ್ತಿರೋ ದೊಡ್ಡ ವಿಮಾನದವರಿಗೆ ರೇಡಿಯೋದಲ್ಲಿ ನನ್ನ ಹೊಗೆ ನೋಡಿ ಅನ್ನೋದು. ಅವರು ಬಂದು ಹೊಗೆ ಇದ್ದ ಕಡೆ ಹಾಕಿ ಹೋಗ್ತಾರೆ.

"ನಾನು ರೈಟರು, ಅವರು ಕಡಿಯೋರು," ಅಂದರು ಸಾಹೇಬ್ರು, ಆ ಮರ ಕಡಿಯೋನ ಬೆನ್ನ ಮೇಲೆ ಕೈ ಇಟ್ಟು. "ನನ್ನ ಸುಣ್ಣ ಹೊಗೆ."

ಒಂದು ಬೆಳಿಗ್ಗೆ ಹೊಳೆ ಆಚೆ ತೋಪಿನಲ್ಲಿ ಶತ್ರುಗಳ ಫಿರಂಗಿ ಗಾಡಿಗಳು ಅಡಗಿದ್ದವಂತೆ. ಸಾಹೇಬ್ರು ಕಂಡುಹಿಡಿದು ಹೊಗೆ ಬಿಟ್ಟರು. ಮೇಲಿನವರು ಹೊಗೆ ಕಾಣ್ತು ಅಂದರು. ಅದೇ ಹೊತ್ತಿಗೆ ಹೊಳೆ ಈಚೆ ದಡದ ಒಂದು ಗುಡಿಸಲಲ್ಲಿ ಯಾರೋ ಒಲೆ ಹಚ್ಚಿದ್ದಾರೆ. ಇಬ್ಬನಿ ಬಿದ್ದು ಹುಲ್ಲಿನ ಮಾಡು ನೆಂದಿತ್ತು, ಹೊಗೆ ದಪ್ಪಗೆ ಬೆಳ್ಳಗೆ ಮಾಡಿನಿಂದಲೇ ಎದ್ದಿದೆ. ಮೇಲಿನವರಿಗೆ ಕಂಡದ್ದು ಆ ಹೊಗೆ. ಸಾಹೇಬ್ರು ರೇಡಿಯೋದಲ್ಲಿ ಕೂಗಿದರು, ಅದು ನನ್ನ ಹೊಗೆ ಅಲ್ಲ, ಅದು ನನ್ನ ಹೊಗೆ ಅಲ್ಲ ಅಂತ. ಅಷ್ಟರಲ್ಲಿ ಗುಡಿಸಲ ಮೇಲೆ ಬಾಂಬು ಬಿದ್ದಾಗಿತ್ತು.

"ಹಾಕಿದೋರು ನೋಡ್ಲಿಲ್ಲ ಕಣಮ್ಮ. ಅವರು ಆಗ್ಲೇ ಹೊರಟೋಗಿದ್ರು. ನಿಧಾನದ ವಿಮಾನದಲ್ಲಿ ಇದ್ದೋನು ನಾನು. ನೋಡೋದೇ ನನ್ನ ಕೆಲಸ."

ಇಷ್ಟು ಹೇಳಿ ಕಾಫಿ ಲೋಟ ನನ್ನ ಕೈಗೆ ಕೊಟ್ಟು ಎದ್ದು ಹೋದರು. ಏನು ನೋಡಿದರು ಅಂತ ಯಾವತ್ತೂ ಹೇಳಲಿಲ್ಲ. ಆಮೇಲೆ ಲೈನಿನಲ್ಲಿ ಯಾರಾದರೂ ಹೊಗೆ ವಿಷಯಕ್ಕೆ ಗೊಣಗಿದರೆ ನಾನು ಬೇರೆ ಮಾತು ತೆಗೀತಿದ್ದೆ.

ಹೀಗೇ ವರ್ಷಗಳು ಹೋದವು. ಸಾಹೇಬ್ರು ಚೆನ್ನಾಗೇ ಇದ್ದರು. ಕಣದ ಕಾಫಿ ಕೈಯಲ್ಲಿ ತಿರುವಿ ನೋಡೋರು, ನನ್ನ ಅಕ್ಕಿ ರೊಟ್ಟಿ ದಪ್ಪ ಆಯ್ತು ಅಂತ ಹಂಗಿಸೋರು. ಮಗಳಿಗೆ ಮಕ್ಕಳಾಗದೇ ಇದ್ದಾಗ, ಆ ಮಾತು ಎತ್ತದೇ ಇದ್ದೋರಲ್ಲಿ ಅವರೊಬ್ಬರು. ಆದರೆ ಅವಳು ಬಂದಾಗಲೆಲ್ಲ ತೋಟದ ಮೊದಲ ಕಿತ್ತಳೆ ಅವಳಿಗೇ ಅಂತ ಎತ್ತಿಡೋರು.

ಹೋದ ವರ್ಷದಿಂದ ಅವರ ತಲೆ ಕೈಕೊಡೋಕೆ ಶುರುವಾಯ್ತು. ಮೊದಲು ಹೆಸರು ಮರೆತರು, ಆಮೇಲೆ ಊಟ ಮಾಡಿದ್ದು ಮರೆತರು, ಆಮೇಲೆ ಇದು ಯಾವ ಊರು ಅನ್ನೋದೂ ಹೋಯ್ತು. ಎಲ್ಲ ಹೋದ ಮೇಲೆ ಅದೊಂದು ಬೆಳಿಗ್ಗೆ ಮಾತ್ರ ಉಳೀತು. ಪಕ್ಕದ ತೋಟದಲ್ಲಿ ದರಗು ಸುಟ್ಟ ಹೊಗೆ ದೂರದಲ್ಲಿ ಕಂಡರೂ ಸಾಕು, ಜಗುಲಿಯಲ್ಲಿ ಎದ್ದು ನಿಂತು, ರೇಡಿಯೋ ಹಿಡಿದ ಹಾಗೆ ಮುಷ್ಟಿಯನ್ನ ಬಾಯಿ ಹತ್ರ ತಂದು ಇಂಗ್ಲಿಷಲ್ಲಿ ಕೂಗೋರು. ಮೈಯೆಲ್ಲ ಬೆವೆತು, ಉಸಿರು ಕಟ್ಟಿ, ತುಟಿ ನೀಲಿಯಾಗಿಬಿಡೋದು. ಹಾಸನದ ಡಾಕ್ಟ್ರು ಬಂದು ನೋಡಿ, ತಲೆಗೆ ಮಾಡೋಕೆ ಏನೂ ಇಲ್ಲ, ಹೃದಯ ಮಾತ್ರ ಇಂಥ ಹೆದರಿಕೆಯನ್ನ ಬಹಳ ಸಲ ತಡೆಯಲ್ಲ ಅಂದರು. ಬೇರೆ ಊರಿಗೆ ಸಾಗಿಸೋದಕ್ಕೂ ಬೇಡ ಅಂದರು, ದಾರಿಯಲ್ಲೇ ಏನಾದರೂ ಆದೀತು ಅಂತ.

ಅವತ್ತು ಸಾಯಂಕಾಲ ಅಮ್ಮಾವ್ರು ಅಡಿಗೆಮನೆಗೆ ಬಂದು ಮಣೆ ಮೇಲೆ ಕೂತರು. ಎಂದೂ ಕೂತವರಲ್ಲ. "ಅಣ್ಣ ಇನ್ನು ತುಂಬಾ ದಿನ ಇರೋದಿಲ್ಲ, ನಂಗೆ ಗೊತ್ತು. ಉಳಿಸ್ಕೊಡಿ ಅಂತ ನಾನು ಯಾವ ದೇವ್ರನ್ನೂ ಕೇಳ್ತಿಲ್ಲ. ಹೋಗೋ ಹೊತ್ತಲ್ಲಿ ಆ ಹೊಗೆ ಅವನ ಕಣ್ಣಿಗೆ ಕಾಣದೇ ಇರ್ಲಿ. ಅಷ್ಟೇ ಕಣೇ ನಂಗೆ ಬೇಕಿರೋದು," ಅಂದರು.

ನಾನು ಆಗಲಿ ಅಂದೆ. ಸುತ್ತಲಿನ ತೋಟದವರಿಗೆಲ್ಲ ಅಮ್ಮಾವ್ರೇ ಹೋಗಿ ಕೇಳಿಕೊಂಡರು. ಒಳ್ಳೆ ಜನ, ಒಪ್ಪಿಕೊಂಡರು, ಸುಡೋದನ್ನ ಗುಡ್ಡದ ಆ ಮಗ್ಗುಲಿಗೆ ಇಟ್ಟುಕೊಂಡರು. ಆನೆಗೆ ಹಾಕೋ ಮೆಣಸಿನ ಹೊಗೆಯನ್ನೂ ಬಂಗಲೆಗೆ ಕಾಣದ ಕಡೆ ಮಾತ್ರ ಹಾಕ್ತೀವಿ ಅಂದರು. ಸ್ವಲ್ಪ ದಿನ ಸಾಹೇಬ್ರು ಸುಮ್ಮನಿದ್ದರು. ಕಣ್ಣು ಮಾತ್ರ ಗುಡ್ಡದ ಮೇಲೆ ಓಡಾಡ್ತಾ ಇರೋದು, ಏನನ್ನೋ ಹುಡುಕೋ ಹಾಗೆ.

ಇದೇ ಹೊತ್ತಿಗೆ ನನ್ನ ಮೊಮ್ಮಗಳು ಬಂದಳು. ಮಗಳು ಮಗುವನ್ನ ಎತ್ತಿಕೊಂಡು ಬಾಣಂತನಕ್ಕೆ ನಮ್ಮ ಲೈನಿಗೇ ಬಂದಳು. ನಾನು ನೆಲದ ಮೇಲೆ ನಡೀತಿರಲಿಲ್ಲ ಕಣ್ರೀ. ಸೀನಿದರೆ ಖುಷಿ, ಆಕಳಿಸಿದರೆ ಖುಷಿ, ಒದ್ದೆ ಮಾಡಿದರೂ ಖುಷಿ. ಲೈನಿನ ಹೆಂಗಸರು ನನ್ನ ಮುಖ ನೋಡಿ, ಬಾಣಂತಿ ಮಗಳೋ ಅಮ್ಮನೋ ಅಂತ ಆಡಿಕೊಂಡರು.

ಮಗಳ ಅತ್ತೆ ಪಾಳ್ಯದ ಕಡೆಯವರು, ಗದ್ದೆ ಕೆಲಸದ ಗಟ್ಟಿ ಹೆಂಗಸು. ಮೊಮ್ಮಗಳನ್ನ ನೋಡೋಕೆ ಅಂತ ಬಂದರು, ಬುಟ್ಟಿ ತುಂಬ ಬಾಣಂತಿ ಸಾಮಾನು ತಂದಿದ್ದರು. ಬೆಳ್ಳುಳ್ಳಿ, ಓಮ, ಮೆಣಸು, ಬೆಲ್ಲ, ಅದರ ಜೊತೆ ಕಾಗದದಲ್ಲಿ ಕಟ್ಟಿದ ಸಾಂಬ್ರಾಣಿ. ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿ ಬೋರಲು ಹಾಕಿ, ಆ ಹೊಗೆಯಲ್ಲಿ ಮಗುವಿನ ತಲೆ ಆರಿಸಬೇಕು, ಬಾಣಂತಿ ಕೂದಲನ್ನೂ ಆರಿಸಬೇಕು. ಇದು ನಮ್ಮಲ್ಲಿ ಎಲ್ಲರೂ ಮಾಡೋದು. ನಾನು ಮಾಡಿರಲಿಲ್ಲ. ಬೀಗಿತಿಗೆ ಗೊತ್ತಾಯ್ತು.

"ಹೊಗೆ ಇಲ್ದಿರೋ ಬಾಣಂತನ ನಾನು ಈ ವಯಸ್ಸಿಗೆ ಇಲ್ಲೇ ನೋಡಿದ್ದು ಕಣಕ್ಕ. ಮಗಿನ ನೆತ್ತಿ ತಣ್ಣಗೈತೆ, ಮುಟ್ಟಿ ನೋಡು. ಇಷ್ಟು ವರ್ಷ ಕಾದು ಹೆತ್ತಿರೋದು ಶೀತ ಮಾಡ್ಸೋಕಾ?"

ನಾನು ಸಾಹೇಬ್ರ ಸಂಗತಿಯನ್ನ ತಿಳಿಸಿ ಹೇಳಿದೆ. ವಿಮಾನ, ಹೊಗೆ, ಗುಡಿಸಲು ಎಲ್ಲ. ಅವರು ಕೇಳಿಸಿಕೊಂಡರು, ಅಯ್ಯೋ ಪಾಪ ಅಂದರು, ಬಾಗಿಲು ಕಿಟಕಿ ಎಲ್ಲ ಹಾಕಿ ಒಳಗೇ ಒಂದು ಚಿಟಿಕೆ ಹಾಕಿದರೆ ಬಂಗಲೆಗೆ ಹೇಗೆ ಕಾಣುತ್ತೆ, ದೊಡ್ಡೋರ ಮನೆ ಅನ್ನ ತಿಂದು ತಿಂದು ನಿನಗೆ ಅವರ ಭಯವೇ ಅಂಟಿಕೊಂಡಿದೆ ಅಂತ ಹಂಗಿಸಿದರು. ಮಗು ಎರಡು ಸಲ ಸೀನಿತು. ಆ ಸೀನು ಕೇಳಿ ನನ್ನ ಗಟ್ಟಿತನ ಎಲ್ಲ ಕರಗಿತು. ಗ್ಯಾಸಿನ ಉರಿಯಲ್ಲಿ ಕರಟ ಸುಟ್ಟು ಕೆಂಡ ಮಾಡಿದೆವು. ಬಾಗಿಲು ಹಾಕಿ, ಕಿಟಕಿ ಸಂದಿಗೆ ಬಟ್ಟೆ ತುರುಕಿ, ಬೀಗಿತಿ ಸಾಂಬ್ರಾಣಿ ಉದುರಿಸಿದರು. ಮನೆ ಎಲ್ಲ ಘಮ ಅಂತು. ಮೊಮ್ಮಗಳು ಕಣ್ಣು ಕಿರಿದು ಮಾಡಿಕೊಂಡು, ಬಿಸಿಗೆ ಮೈ ಬಿಟ್ಟು ಹಾಯಾಗಿ ಮಲಗಿದಳು. ನಾವಿಬ್ಬರೂ ಬಾಗಿಲು ಕಿಟಕಿಯ ಯೋಚನೆ ಮಾಡಿದ್ದೆವು, ತಲೆ ಮೇಲಿನ ಹೆಂಚಿನ ಯೋಚನೆ ಮಾಡಲಿಲ್ಲ. ಲೈನಿನ ಮನೆಗಳಿಗೆ ಅಟ್ಟ ಇಲ್ಲ. ಹೊಗೆ ಹೆಂಚಿನ ಸಂದಿಯಿಂದ ಸಾಲಾಗಿ ಮೇಲಕ್ಕೆ ಎದ್ದಿತ್ತು.

ಬಾಗಿಲು ಬಡಿದ ಸದ್ದಾಯ್ತು. ತೆಗೆದರೆ ಸಾಹೇಬ್ರು. ಪಂಚೆ ಎತ್ತಿಕಟ್ಟಿ, ಬರಿಗಾಲಲ್ಲಿ, ಬಂಗಲೆಯಿಂದ ಮೆಟ್ಟಿಲಿಳಿದು ಕಣ ದಾಟಿ ಒಬ್ಬರೇ ಬಂದಿದ್ದಾರೆ. ಹಿಂದೆ ಅಮ್ಮಾವ್ರು ಏದುಸಿರು ಬಿಡ್ತಾ ಓಡಿ ಬರ್ತಿದ್ದಾರೆ. ಸಾಹೇಬ್ರಿಗೆ ನಾನು ಯಾರು ಅಂತ ಗೊತ್ತಾಗಲಿಲ್ಲ. ಆದರೆ ಮಾತು ಕನ್ನಡದಲ್ಲೇ ಬಂತು, ಸ್ಪಷ್ಟವಾಗಿ, ಹಳೇ ಕಾಲದ ಗತ್ತಿನಲ್ಲಿ.

"ಒಳಗೆ ಎಷ್ಟು ಜನ ಇದೀರಿ? ಎಲ್ಲಾ ಹೊರಗೆ ಬನ್ನಿ. ಅವರು ಬರ್ತಾ ಇದಾರೆ."

ನನಗೆ ಏನು ತೋಚಿತೋ, ವಾದ ಮಾಡಲಿಲ್ಲ. ಮಗುವನ್ನ ಎತ್ತಿಕೊಂಡೆ. ಮಗಳು ತಲೆಗೆ ಬಟ್ಟೆ ಸುತ್ತಿಕೊಂಡು ಬಂದಳು. ಬೀಗಿತಿಯೂ ಹಿಂದೆಯೇ ಬಂದರು. ಸಾಹೇಬ್ರು ನಮ್ಮನ್ನೆಲ್ಲ ಕಾಫಿ ಗಿಡಗಳ ಒಳಗೆ ಕರೆದುಕೊಂಡು ಹೋಗಿ, ತಲೆ ತಗ್ಗಿಸಿ ಕೂರೋಕೆ ಹೇಳಿದರು. ಹಣ್ಣಿನ ಗೊಂಚಲು ಮುಖಕ್ಕೆ ತಾಗ್ತಿತ್ತು. ನನ್ನ ಪಕ್ಕದಲ್ಲೇ ಕೂತು, ಮಗುವಿನ ತಲೆ ಮೇಲೆ ತಮ್ಮ ಎರಡೂ ಕೈಯನ್ನ ಮನೆ ಮಾಡಿನ ಹಾಗೆ ಹಿಡಿದರು. ಆ ಕೈ ಮಗುವಿಗೆ ಮುಟ್ಟುತ್ತಿರಲಿಲ್ಲ. ಎಲ್ಲರೂ ಆಕಾಶ ನೋಡ್ತಾ ಕೂತೆವು. ಬೀಗಿತಿಯೂ ನೋಡಿದರು. ಏನೂ ಬರಲಿಲ್ಲ. ಒಳಗೆ ಕೆಂಡ ಆರಿ, ಹೆಂಚಿನ ಮೇಲಿನ ಹೊಗೆ ಸಣ್ಣಗಾಗಿ ನಿಂತುಹೋಯ್ತು. ಸಾಹೇಬ್ರು ಮಗುವಿನ ಮುಖವನ್ನ ಬಹಳ ಹೊತ್ತು ನೋಡಿದರು. ತುಟಿ ನೀಲಿಯಾಗಲಿಲ್ಲ. ಬೆವರಲಿಲ್ಲ. ಅಮ್ಮಾವ್ರು ಕೈ ಹಿಡಿದಾಗ ಮಗುವಿನ ಹಾಗೆ ಎದ್ದು ಬಂಗಲೆಗೆ ಹೋದರು, ಉಂಡರು, ಮಲಗಿದರು.

ಅವತ್ತಿನ ನನ್ನ ಸಂತೋಷ ಹೇಳೋಕಾಗಲ್ಲ. ಅಮ್ಮಾವ್ರ ಕೈ ಹಿಡಿದುಕೊಂಡು ಹೇಳಿದೆ, ನೋಡಿ, ಅವತ್ತು ಗುಡಿಸಲಿಂದ ಯಾರನ್ನೂ ಹೊರಗೆ ಕರೆಯೋಕಾಗಲಿಲ್ಲ, ಇವತ್ತು ಕರೆದರು, ಎಲ್ಲರೂ ಬಂದೆವು, ಉಳಿದೆವು, ಇನ್ನು ಅವರ ಎದೆ ಹಗುರವಾಗುತ್ತೆ, ನನ್ನ ಮೊಮ್ಮಗಳು ಹುಟ್ಟಿದ್ದೇ ಇದಕ್ಕೆ ಅಂತ. ಅಮ್ಮಾವ್ರು ಅತ್ತರು. ಅವರೂ ನಂಬಿದರು. ಬೀಗಿತಿ ಉಳಿದ ಸಾಂಬ್ರಾಣಿ ಕಟ್ಟಿಕೊಂಡು, ಬಿಸಿಲಲ್ಲೇ ಆರಿಸು ಕಣಕ್ಕ ಮಗಿನ ತಲೆಯ, ಬಿಸಿಲೂ ದೇವ್ರೇ ಅಂತ ಹೇಳಿ ಪಾಳ್ಯಕ್ಕೆ ಹೊರಟರು. ಹೋಗುವಾಗ ಬಂಗಲೆ ಕಡೆ ತಿರುಗಿ ಕೈ ಮುಗಿದರು.

ಮಾರನೇ ಬೆಳಿಗ್ಗೆ ನಾನು ಬಂಗಲೆಗೆ ಹೋಗುವಾಗಲೇ ಸಾಹೇಬ್ರ ಕೂಗು ಕೇಳಿಸ್ತಿತ್ತು.

ಚಳಿಗಾಲದಲ್ಲಿ ನಮ್ಮ ಗುಡ್ಡದ ಕೆಳಗೆ ಕಣಿವೆಯಿಂದ ಮಂಜು ಏಳುತ್ತೆ. ಒಂದೇ ಸಲ ಏಳಲ್ಲ. ಇಲ್ಲೊಂದು ಕಡೆ ಅಲ್ಲೊಂದು ಕಡೆ, ಮರಗಳ ನಡುವಿಂದ ಬೆಳ್ಳಗೆ ಕಂಬ ಕಂಬವಾಗಿ ಎದ್ದು ಆಮೇಲೆ ಒಂದಾಗುತ್ತೆ. ಇಷ್ಟು ವರ್ಷ ಸಾಹೇಬ್ರು ಅದೇ ಮಂಜು ನೋಡ್ತಾ ಕಾಫಿ ಕುಡಿದಿದ್ದಾರೆ. ಮಂಜು ಯಾವುದು ಹೊಗೆ ಯಾವುದು ಅಂತ ಅವರಿಗೆ ಗೊತ್ತಿತ್ತು. ಈಗ ಆ ಗೊತ್ತೂ ಹೋಗಿದೆ. ಅವರ ಕಣ್ಣಿಗೆ ಕಣಿವೆ ತುಂಬ ಗುಡಿಸಲು, ಪ್ರತಿ ಗುಡಿಸಲಲ್ಲೂ ಯಾರೋ ಒಲೆ ಹಚ್ಚಿದ್ದಾರೆ.

ಜಗುಲಿಯ ಕಂಬ ಹಿಡಿದು ನಿಂತಿದ್ದರು. ಮುಷ್ಟಿ ಬಾಯಿ ಹತ್ರ. ಒಮ್ಮೆ ಆ ಕಡೆ ಬೆರಳು ತೋರಿಸ್ತಾರೆ, ಒಮ್ಮೆ ಈ ಕಡೆ, ಎಷ್ಟು ಜನರನ್ನ ಹೊರಗೆ ಕರೆಯೋದು ಅಂತ ಗೊತ್ತಾಗದ ಹಾಗೆ. ಮೆಟ್ಟಿಲಿಳಿಯೋಕೆ ಹೋಗಿ ಬಿದ್ದರು. ಅಮ್ಮಾವ್ರು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿಸಿದರು. ಪರದೆ ಹಾಕಿದರೆ ಸಾಹೇಬ್ರು, ಕಾಣದೇ ಇದ್ದರೆ ನನ್ನ ಕೆಲಸ ಹೇಗೆ ಅಂತ ಇನ್ನೂ ಹೆಚ್ಚು ಹೆದರಿಕೊಂಡು ಕಿತ್ತು ಹಾಕಿದರು. ಮಾತ್ರೆ ಕೊಟ್ಟರೆ ಮಧ್ಯಾಹ್ನ ಮಲಗ್ತಾರೆ, ಬೆಳಿಗ್ಗೆ ಮಂಜಿಗೆ ಮೊದಲೇ ಎದ್ದು ಕೂತಿರ್ತಾರೆ. ತೋಟದವರನ್ನ ಕೇಳಿಕೊಳ್ಳಬಹುದು, ಲೈನಿನವರನ್ನ ಕೇಳಿಕೊಳ್ಳಬಹುದು, ಮಂಜನ್ನ ಯಾರು ಹೋಗಿ ಕೇಳ್ತಾರೆ? ಅಮ್ಮಾವ್ರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ಬೇಜಾರಲ್ಲ ಅದು. ಅವರಿಗೆ ಕೇಳೋಕೆ ಇನ್ನೇನೂ ಉಳಿದಿಲ್ಲ, ನನಗೆ ಹೇಳೋಕೆ ಉಳಿದಿಲ್ಲ.

ಮಗುವನ್ನ ತಂದು ತೋರಿಸಿದೆ. ಅದೇ ಮಗು, ಅದೇ ಮುಖ. ಸಾಹೇಬ್ರು ನೋಡಲೇ ಇಲ್ಲ, ಅವರ ಕಣ್ಣು ಕಣಿವೆ ಬಿಟ್ಟು ಬರಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಅವರು ಕೂಗಿ ಕೂಗಿ ಗಂಟಲು ಕಟ್ಟಿ, ಬರೀ ಗಾಳಿ ಬರ್ತಿತ್ತು. ಇಂಗ್ಲಿಷು ಹೋಗಿ ಕನ್ನಡವೇ ಉಳಿದಿತ್ತು, ಅದು ನನ್ನ ಹೊಗೆ ಅಲ್ಲ, ಅದು ನನ್ನ ಹೊಗೆ ಅಲ್ಲ. ಯಾರಾದರೂ ಒಬ್ಬರು ಅವರಿಗೆ ಉತ್ತರ ಕೊಟ್ಟರೆ ಆಗಬಹುದೇನೋ ಅನ್ನಿಸಿತು. ಇಷ್ಟು ವರ್ಷದಿಂದ ಕೂಗ್ತಾ ಇರೋದಕ್ಕೆ ರೇಡಿಯೋದ ಆ ಕಡೆಯಿಂದ ಯಾರೂ ಮಾತಾಡಿಲ್ಲವಲ್ಲ. ಹಿಂದೆ ನಿಂತುಕೊಂಡು, ಗಂಡಸಿನ ದನಿ ಮಾಡೋಕೆ ನೋಡಿದೆ, ಬರಲಿಲ್ಲ, ನನ್ನ ದನಿಯಲ್ಲೇ ಹೇಳಿದೆ.

"ಗೊತ್ತಾಯ್ತು ಸಾರ್. ಅದು ನಿಮ್ಮ ಹೊಗೆ ಅಲ್ಲ. ನಾವು ಹಾಕ್ಲಿಲ್ಲ. ತಿರುಗಿ ಹೋಗ್ತಾ ಇದೀವಿ."

ಅವರ ಕೈ ಬಾಯಿಂದ ಕೆಳಗಿಳೀತು. ಉಸಿರು ನಿಧಾನವಾಯ್ತು. ಬಾಗಿಲಲ್ಲಿದ್ದ ಅಮ್ಮಾವ್ರು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಸಾಹೇಬ್ರು ಕಣಿವೆಯನ್ನ ಇನ್ನೊಂದು ಸಲ ಪೂರ್ತಿ ನೋಡಿ, ನನ್ನ ಕಡೆ ತಿರುಗಿದರು. ಎಷ್ಟೋ ತಿಂಗಳ ಮೇಲೆ ನನ್ನನ್ನ ನೋಡಿದರು, ಗುರುತು ಸಿಕ್ಕ ಹಾಗೆ.

"ಬಿದ್ದಾಯ್ತಲ್ಲಮ್ಮ," ಅಂದರು.

ಆಮೇಲೆ ಕುರ್ಚಿಯಲ್ಲಿ ಕೂತರು. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಮಂಜು ಕರಗಿ ಕಣಿವೆ ಹಸಿರಾದ ಮೇಲೂ ಅಲ್ಲೇ ನೋಡ್ತಾ ಕೂತಿದ್ದರು.

ಅವತ್ತಿಂದ ದಿನಾ ಬೆಳಿಗ್ಗೆ ಹೋಗಿ ಹಿಂದೆ ನಿಂತು ಅದೇ ಮಾತು ಹೇಳ್ತೀನಿ. ಕೂಗು ನಿಲ್ಲುತ್ತೆ, ತುಟಿ ನೀಲಿಯಾಗಲ್ಲ, ಅದಕ್ಕೋಸ್ಕರ ಹೇಳ್ತೀನಿ. ನಾನು ತಿರುಗಿ ಹೋಗ್ತೀನಿ ಅಂದ ಮೇಲೂ ಅವರು ಬಿದ್ದಾಯ್ತು ಅಂತಾನೇ ಅಂತಾರೆ. ಅಮ್ಮಾವ್ರು ಈಗ ಬಾಗಿಲಿಗೂ ಬರಲ್ಲ. ಮುಗಿಸಿ ಲೈನಿಗೆ ಇಳಿದು ಬಂದರೆ ಮೊಮ್ಮಗಳು ಎದ್ದಿರ್ತಾಳೆ. ಈ ವಾರ ನಗೋಕೆ ಶುರುಮಾಡಿದ್ದಾಳೆ, ನನ್ನ ಮುಖ ಕಂಡ ಕೂಡಲೇ. ನಾನೂ ನಗ್ತೀನಿ, ತಡೆಯೋಕಾಗಲ್ಲ. ಅವಳ ತಲೆ ಆರಿಸೋಕೆ ಬಿಸಿಲು ಬರೋದನ್ನೇ ಕಾಯ್ತಾ ಹೊಸಲಲ್ಲಿ ಕೂತಿರ್ತೀನಿ. ಚಳಿಗಾಲ ಇನ್ನೂ ಬಹಳ ಇದೆ.